ಇಬ್ಬರಿಗೆ ನಾಲ್ಕು ಸೀರೆ

ಹನೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿದ ದಿನ ನಮ್ಮವ್ವ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಇಳಿಸಿ, ಒರೆಸಿ, ಮುಚ್ಚಳ ತೆಗೆದು ಅದರ ಮುಂದೆ ಕೂತಳು. ಬಹಳ ಹೊತ್ತು ಹಾಗೇ ಕೂತಿದ್ದಳು. ಅದರೊಳಗೆ ಏನು ಇಡುವುದೆಂದು ಅವಳಿಗೆ ತಿಳಿಯಲಿಲ್ಲ.

ನಮ್ಮೂರು ಕೊಳ್ಳೇಗಾಲ ಆಗಿನ್ನೂ ಮದ್ರಾಸಿಗೆ ಸೇರಿತ್ತು. ಯುದ್ಧದ ಕೊನೆಯ ವರ್ಷಗಳು. ಅಕ್ಕಿ, ಸೀಮೆಎಣ್ಣೆಯ ಹಾಗೆ ಬಟ್ಟೆಗೂ ಕಂಟ್ರೋಲು ಬಂದಿತ್ತು. ಕಾರ್ಡು ಹಿಡಿದು ಅಂಗಡಿಯ ಮುಂದೆ ನಿಂತರೆ ಗೋಣಿಚೀಲಕ್ಕಿಂತ ಒಂದಿಷ್ಟು ಮೆತ್ತಗಿರುವ ಬಟ್ಟೆ ಸಿಗುತ್ತಿತ್ತು, ಅದೂ ಅಂಗಡಿಯವನ ಬಳಿ ಇದ್ದರೆ. ನಮ್ಮ ಪಾಲಿಗೆ ಬಂದದ್ದು ಅಪ್ಪನ ಪಂಚೆಗೂ ತಮ್ಮಂದಿರ ಚಡ್ಡಿಗೂ ಮುಗಿದುಹೋಗಿತ್ತು. ಟ್ರೈನಿಂಗಿನಲ್ಲಿದ್ದಾಗ ನಾನು ಉಡುತ್ತಿದ್ದ ನೂಲಿನ ಸೀರೆಗಳೆರಡೂ ಸವೆದು, ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣುವ ಹಾಗಾಗಿದ್ದವು.

ಮನೆಯಲ್ಲಿ ಇದ್ದದ್ದು ರೇಷ್ಮೆ. ನಮ್ಮಪ್ಪ ರೇಷ್ಮೆ ನೇಯುತ್ತಿದ್ದ. ಬೀದಿಬಾಗಿಲು ದಾಟಿದ ಕೂಡಲೇ ನೆಲದ ಗುಣಿಯಲ್ಲಿ ಕಾಲಿಳಿಸಿ ನೇಯುವ ಗುಣಿಮಗ್ಗ, ಅದರ ಸುತ್ತಲೇ ನಮ್ಮ ಊಟ, ನಿದ್ದೆ, ಓದು, ಜಗಳ ಎಲ್ಲ. ರೇಷ್ಮೆ ಎಳೆ ಸಾವ್ಕಾರರದು, ನೇಯ್ದ ಸೀರೆಯೂ ಅವರದೇ. ನೇಯುವಾಗ ತಪ್ಪು ಬಿದ್ದ ಸೀರೆಯನ್ನು ಮಾತ್ರ ಅವರು ತೆಗೆದುಕೊಳ್ಳುತ್ತಿರಲಿಲ್ಲ. ಅಂಥವು ಎರಡು ನಮ್ಮ ಮನೆಯಲ್ಲಿ ಉಳಿದಿದ್ದವು. ಹಸಿರಿನ ಒಂದರಲ್ಲಿ ಒಡಲಿನ ಬಣ್ಣ ಅರ್ಧಕ್ಕೆ ಬಂದು ತುಸು ತಿಳಿಯಾಗಿತ್ತು. ನೇರಳೆಯ ಇನ್ನೊಂದರಲ್ಲಿ ಅಂಚು ಒಂದು ಗೇಣಿನಷ್ಟು ಸೊಟ್ಟಗೆ ಓಡಿತ್ತು. ಇವಲ್ಲದೆ ನನ್ನ ಮದುವೆಗೆಂದು ಅಪ್ಪ ಸ್ವಂತಕ್ಕೆ ನೇಯ್ದಿಟ್ಟಿದ್ದ ಕೆಂಪು ಸೀರೆ ಒಂದು.

"ನೂಲ್ ಸೀರೆ ಎಲ್ ತರಾನ ಈಗ? ಇರಾದು ಇದೇಯ. ಇದ್ನೇ ಉಟ್ಕ ಓಗು," ಎಂದಳು ಅವ್ವ. ಹಸಿರು, ನೇರಳೆ ಎರಡನ್ನೂ ಟ್ರಂಕಿಗಿಟ್ಟು, ಬೇವಿನೆಲೆ ಹಾಕಿ, ಮುಚ್ಚಳ ಮುಚ್ಚಿದಳು. ಅಪ್ಪ ಮಗ್ಗದ ಗುಣಿಯಲ್ಲಿ ಕೂತೇ ನೋಡುತ್ತಿದ್ದ. ಅವನ ಮುಖದಲ್ಲಿ ಸಂತೋಷವಿತ್ತು ಎಂದು ಈಗ ನನಗೆ ಅನ್ನಿಸುತ್ತದೆ. ಆಗ ನಾನು ಗಮನಿಸಲಿಲ್ಲ. ನನಗೆ ಹತ್ತೊಂಬತ್ತು ವರ್ಷ. ರೇಷ್ಮೆ ಉಟ್ಟು ಕೆಲಸಕ್ಕೆ ಹೋಗುವ ಹೆಂಗಸು ನಮ್ಮ ಬೀದಿಗೆ ನಾನೊಬ್ಬಳೇ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಹನೂರಿನಲ್ಲಿ ನನಗೆ ಗೊತ್ತುಮಾಡಿದ್ದ ಕೋಣೆ ಒಬ್ಬ ಗೌಡಜ್ಜಿಯ ಮನೆಯ ಹಿಂಭಾಗದಲ್ಲಿತ್ತು. ಅದೇ ಕೋಣೆಯಲ್ಲಿ ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಇದ್ದಳು. ಮಾರ್ಟಳ್ಳಿಯವಳು, ಮನೆಮಾತು ತಮಿಳು, ಕ್ರೈಸ್ತರು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಎತ್ತರದ ಆಳು, ಅಗಲ ಭುಜ. ಬಿಳಿ ಸೀರೆ ಉಟ್ಟಿದ್ದಳಾದ್ದರಿಂದ ಮೊದಲ ನೋಟಕ್ಕೆ ಗಂಡ ಇಲ್ಲದವಳು ಎಂದುಕೊಂಡೆ. ಹಾಗಲ್ಲ, ಅವಳಿಗೆ ಮದುವೆಯೇ ಆಗಿರಲಿಲ್ಲ. ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದಿದ್ದಳು. ಅಲ್ಲಿ ಎಲ್ಲರಿಗೂ ಕೊಡುತ್ತಿದ್ದ ಬಿಳಿ ಸೀರೆಗಳನ್ನೇ ಇನ್ನೂ ಉಡುತ್ತಿದ್ದಳು. ಅವೂ ಇದ್ದದ್ದು ಎರಡೇ. ನಾನು ಅವಳನ್ನು ಅಕ್ಕ ಅಂದೆ. ಅವಳು ನನ್ನನ್ನು ತಂಗಚ್ಚಿ ಅಂದಳು. ಕೊನೆಯವರೆಗೂ ಹಾಗೇ ನಡೆಯಿತು.

ಮೊದಲ ದಿನ ಹಸಿರು ರೇಷ್ಮೆ ಉಟ್ಟು ಶಾಲೆಗೆ ಹೋದೆ. ಒಂದನೆಯ ಕ್ಲಾಸು ನನ್ನದು. ಮಕ್ಕಳು ಎದ್ದು ನಿಂತವು, ಕೂತವು. ಕೂರುವಾಗ ಎಲ್ಲವೂ ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡವು. "ಮುಂದಕ್ಕೆ ಬನ್ನಿ" ಎಂದರೆ ಒಂದೂ ಅಲುಗಲಿಲ್ಲ. ಸ್ಲೇಟು ತೋರಿಸಲು ಕರೆದಾಗ ಒಂದು ಪುಟ್ಟ ಹುಡುಗಿ ಎದ್ದು ಬಂದು, ಕೈಯನ್ನು ಲಂಗಕ್ಕೆ ಎರಡೆರಡು ಸಲ ಒರೆಸಿಕೊಂಡು, ಸ್ಲೇಟನ್ನು ನೆಲದ ಮೇಲಿಟ್ಟು ಓಡಿಹೋಯಿತು. ನನ್ನ ಕೈಗೆ ಕೊಡಲಿಲ್ಲ. ಸಂಜೆ ಶಾಲೆ ಬಿಡುವ ಹೊತ್ತಿಗೆ ಬೇಲಿಯ ಹತ್ತಿರ ನಾಲ್ಕೈದು ಹೆಂಗಸರು ನಿಂತಿದ್ದರು, ಹೊಲದ ಕೆಲಸ ಮುಗಿಸಿ ಬಂದವರು. ನಾನು ಹತ್ತಿರ ಹೋದ ಹಾಗೆ ದಾರಿ ಬಿಟ್ಟು ಕೈಮುಗಿದರು. ಒಬ್ಬಳು ಇನ್ನೊಬ್ಬಳಿಗೆ, "ಸಾವ್ಕಾರ್ರ ಮನೇವ್ರು ಕಣಮ್ಮಿ, ನಮ್ ಐಕ್ಳ ಮುಟ್ಸಕತಾರಾ?" ಎಂದದ್ದು ಕೇಳಿಸಿತು.

ನಾಲ್ಕು ದಿನ ಕಳೆಯಿತು, ಹಾಗೇ ಇತ್ತು. ಸಾಲದ್ದಕ್ಕೆ ಸೆಕೆ. ಬೆವರಿಗೆ ರೇಷ್ಮೆ ಬೆನ್ನಿಗೆ ಅಂಟುತ್ತಿತ್ತು. ಸೀಮೆಸುಣ್ಣದ ಪುಡಿ ಬಿದ್ದರೆ ಎದ್ದು ಕಾಣುತ್ತಿತ್ತು, ಒದ್ದೆ ಕೈಯಲ್ಲಿ ಒರೆಸಿದರೆ ಕಲೆ. ನೆಲದ ಮೇಲೆ ಮಕ್ಕಳ ಜೊತೆ ಕೂತು ಅಕ್ಷರ ತಿದ್ದಿಸಬೇಕಾದವಳು ಸೆರಗು ಎತ್ತಿ ಹಿಡಿದು ನಿಂತೇ ಪಾಠ ಮಾಡಿದೆ.

ಒಂದು ಸಂಜೆ ಕೋಣೆಯಲ್ಲಿ ಅಕ್ಕ ಒಲೆ ಊದುತ್ತಾ ಹೇಳಿದಳು. "ತಂಗಚ್ಚಿ, ಬೇಜಾರ್ ಮಾಡ್ಕಬೇಡ. ನೀನು ದಿನಾ ಕಲ್ಯಾಣಕ್ಕೆ ಓಗೋ ತರ ಬಂದ್ರೆ ಪಿಳ್ಳೆಗಳು ಎಂಗೆ ಅತ್ರ ಬತ್ತಾವೆ?"

ನನಗೆ ಅಳು ಬಂತು. "ನನ್ನತ್ರ ಬೇರೆ ಇಲ್ಲಕ್ಕ," ಎಂದೆ.

ಅವಳು ಊದುಗೊಳವೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಅವಳಿಗೆ ಆ ವಿಷಯ ಹೊಳೆದೇ ಇರಲಿಲ್ಲ. ರೇಷ್ಮೆ ಇದ್ದವಳ ಬಳಿ ನೂಲು ಇಲ್ಲ ಎಂದರೆ ಯಾರು ನಂಬುತ್ತಾರೆ? ಟ್ರಂಕು ತೆರೆದು ತೋರಿಸಿದೆ. ಮೈಮೇಲಿನದೂ ಸೇರಿ ಎರಡು ರೇಷ್ಮೆ, ಎರಡು ಜಾಲರಿಯಂಥ ಹಳೆ ಸೀರೆ, ಅಷ್ಟೆ. ಅವಳು ಎದ್ದು ಹೋಗಿ ತನ್ನ ಬಟ್ಟೆಗಂಟು ತಂದು ಪಕ್ಕಕ್ಕೆ ಇಟ್ಟಳು. ಮೈಮೇಲಿನದನ್ನು ಬಿಟ್ಟರೆ ಒಂದು ಬಿಳಿ ಸೀರೆ, ಎರಡು ರವಿಕೆ.

"ನಾನು ದಿನಾ ಸಾಯಂಕಾಲ ಒಂದು ಒಗಿತೀನಿ. ಮಳೆ ಬಂದ್ರೆ ಒಣಗಲ್ಲ. ಒದ್ದೇದೇ ಉಟ್ಕಂಡು ಓಗ್ತೀನಿ. ಹೋದ್ ವರ್ಷ ಜ್ವರ ಬಂದು ಮಲಗಿದ್ದು ಅದಕ್ಕೇ," ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ ಅಜ್ಜಿ ಬೆಳಿಗ್ಗೆ ನನ್ನ ಕಂಡ್ರೆ ಒಳಕ್ಕೆ ಓಗಿ ಸ್ವಲ್ಪ ಕೂತು ಬತ್ತಾರೆ, ನೋಡಿದ್ದೀಯಾ?" ಎಂದಳು.

ನೋಡಿದ್ದೆ. ಬೆಳಗ್ಗೆ ಎಲ್ಲಿಗಾದರೂ ಹೊರಟ ಗೌಡಜ್ಜಿ ಹಿತ್ತಲಲ್ಲಿ ಬಿಳಿ ಸೀರೆ ಕಂಡರೆ ತಿರುಗಿ ಒಳಗೆ ಹೋಗುತ್ತಿದ್ದಳು. ಅಜ್ಜಿ ಕೆಟ್ಟವಳಲ್ಲ, ಜ್ವರದಲ್ಲಿ ಅಕ್ಕನಿಗೆ ಗಂಜಿ ಕಾಯಿಸಿ ಕೊಟ್ಟವಳೂ ಅವಳೇ. ಆದರೂ ಹಾಗೆ ಮಾಡುತ್ತಿದ್ದಳು. ಅಕ್ಕ ಅದನ್ನು ಯಾರಿಗೂ ಹೇಳದೆ ಇಷ್ಟು ದಿನ ಇದ್ದಳು.

ಆವತ್ತು ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತು ಲೆಕ್ಕ ಹಾಕಿದೆವು. ನಾನು ಗಿಡ್ಡ, ತೆಳ್ಳಗೆ. ಅವಳು ಎತ್ತರ, ದಪ್ಪ. ಆದರೆ ಸೀರೆಗೆ ಅಳತೆ ಇಲ್ಲವಲ್ಲ. ಒಬ್ಬಳಿಗಾದದ್ದು ಇನ್ನೊಬ್ಬಳಿಗೂ ಆಗುತ್ತದೆ. ನನ್ನ ರೇಷ್ಮೆಗಳನ್ನು ಯಾರಿಗಾದರೂ ಕೊಟ್ಟು ಬದಲಿಗೆ ನೂಲಿನ ಸೀರೆ ತಂದರೆ, ಅವನ್ನು ಇಬ್ಬರೂ ಸೇರಿಯೇ ಉಡಬಹುದು. ಎಷ್ಟು ಬೇಕು? ಮೈಮೇಲೆ ಒಂದೊಂದು, ದಾರದ ಮೇಲೆ ಒಂದೊಂದು. ನಾಲ್ಕು ಸಾಕು. ಊರಿಗೆ ಹೋಗಿಬರಲು, ಅವಳು ಇಗರ್ಜಿಗೆ ಹೋಗಲು ಬಿಳಿ ಸೀರೆಗಳು ಇರಲಿ. ನನ್ನ ಹಳೆಯ ಜಾಲರಿಗಳು ಮುಟ್ಟಿನ ದಿನಗಳಿಗೆ, ಒಳಗೆ ಉಡಲು. ಹೊಸ ನಾಲ್ಕೂ ಒಂದಕ್ಕೊಂದು ಹೊಂದುವ ಬಣ್ಣದ್ದಾಗಿರಬೇಕು, ಯಾವ ರವಿಕೆ ಯಾವ ಸೀರೆಗೂ ಆಗಬೇಕು. ಮಣ್ಣು ಕಾಣಬಾರದು. ಇವೆಲ್ಲ ಅಕ್ಕ ಹೇಳಿದ್ದು. ನಾನು ಹೂಂ ಹೂಂ ಅನ್ನುತ್ತಾ ಹೋದೆ. ಆದರೆ ಅಪ್ಪನಿಗೆ ಹೇಳುವುದು ಹೇಗೆ ಎಂಬ ಯೋಚನೆ ತಲೆಯಲ್ಲಿ ಕೊರೆಯುತ್ತಿತ್ತು.

ಶನಿವಾರ ಕೊಳ್ಳೇಗಾಲಕ್ಕೆ ಹೋದೆ. ಆಗಿನ ಬಸ್ಸು ಇದ್ದಿಲಿನಲ್ಲಿ ಓಡುತ್ತಿತ್ತು. ಇಳಿಯುವ ಹೊತ್ತಿಗೆ ಮೂಗು, ಕಿವಿ, ಸೆರಗು ಎಲ್ಲ ಮಸಿ. ಅಪ್ಪ ಮಗ್ಗದಲ್ಲಿ ಕೂತಿದ್ದ. ನಾನು ಪಕ್ಕದಲ್ಲಿ ಕೂತು ಸುಮಾರು ಹೊತ್ತು ಬೇರೇನೋ ಮಾತಾಡಿದೆ. ಲಾಳಿ ಅತ್ತಿತ್ತ ಓಡುತ್ತಲೇ ಇತ್ತು.

"ಅಪ್ಪ, ಈ ಸೀರೆ ಉಟ್ಕಂಡು ಪಾಠ ಮಾಡಾಕ್ಕಾಗದಿಲ್ಲ," ಎಂದೆ ಕೊನೆಗೆ.

ಲಾಳಿ ನಿಂತಿತು. "ಯಾಕವ್ವ? ತಪ್ಪು ಬಿದ್ದಿರಾದು ಕಾಣ್ತದಾ?"

ನಾನು ಈ ಮಾತನ್ನು ನಿರೀಕ್ಷಿಸಿರಲಿಲ್ಲ. ಅವನಿಗೆ ಅದೇ ಭಯವಿತ್ತು, ಮಗಳನ್ನು ನಾಲ್ಕು ಜನದ ಮುಂದೆ ತಪ್ಪು ಬಿದ್ದ ಸೀರೆಯಲ್ಲಿ ಕಳಿಸಿದೆನಲ್ಲ ಎಂದು.

"ಇಲ್ಲಪ್ಪ. ತಪ್ಪು ಯಾರ್ಗೂ ಕಾಣಲ್ಲ. ರೇಷ್ಮೆ ಕಾಣ್ತದೆ. ಮಕ್ಳು ಅತ್ರ ಬರಲ್ಲ." ಸ್ಲೇಟನ್ನು ನೆಲಕ್ಕಿಟ್ಟು ಓಡಿದ ಹುಡುಗಿಯ ವಿಷಯ ಹೇಳಿದೆ. ಬೇಲಿ ಹತ್ತಿರ ಹೆಂಗಸರು ಕೈಮುಗಿದದ್ದನ್ನು ಹೇಳಿದೆ.

"ನಿಂಗೆ ಕೈ ಮುಗುದ್ರಾ?" ಎಂದ. ನಗುತ್ತಾನೋ ಎಂದುಕೊಂಡೆ, ನಗಲಿಲ್ಲ. "ನಾವು ಯಾವ್ ಸಾವ್ಕಾರ್ರವ್ವ? ಇದ ನೇಯ್ದು ನೇಯ್ದು ಕಣ್ಣು ಮಂಜಾತು. ಒಂದ್ ದಿನಾನೂ ಉಟ್ಟವ್ರ ಮೊಕ ನೋಡ್ನಿಲ್ಲ. ನಮ್ಮನೇವ್ರು ಒಬ್ರ ಮೈಮ್ಯಾಲಾದ್ರೂ ಇರ್ಲಿ ಅಂತ ಆಸೆ ಆಗಿತ್ತು ಕಣವ್ವ, ಅಷ್ಟೇಯ."

ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಮಗ್ಗದ ಗುಣಿಯಿಂದ ಎದ್ದು, ಮುಖ ತೊಳೆದು, ಎಲೆಅಡಿಕೆ ಹಾಕಿಕೊಂಡು ಬಂದು ಕೂತ.

"ಯಳಂದೂರ್ಗೆ ಓಗು. ನಿಮ್ಮತ್ತೆ ಮಗಳ ಮದ್ವೆ ಬತ್ತಾದೆ. ರೇಷ್ಮೆ ಬೇಕು ಅಂತ ಏಳಿ ಕಳ್ಸಿದ್ಲು. ಅವಳ ಗಂಡಂದು ಬಟ್ಟೆ ಅಂಗ್ಡಿ, ನೂಲ್ ಸೀರೆ ಅವ್ರತ್ರ ಇದ್ದೇ ಇರ್ತದೆ. ಈ ಎರಡೂ ಕೊಟ್ಟು ನಿಂಗೆ ಬೇಕಾದ್ದು ತಕ್ಕ. ತಪ್ಪು ಎಲ್ಲದೆ ಅಂತ ಮೊದ್ಲೇ ಬಿಚ್ಚಿ ತೋರ್ಸು," ಎಂದ. ಆಮೇಲೆ ಅವ್ವನ ಕಡೆ ತಿರುಗಿ, "ಕೆಂಪು ಸೀರೆ ಮಾತ್ರ ಇರ್ಲಿ. ಅದ ಯಾರೂ ಮುಟ್ಬ್ಯಾಡಿ," ಎಂದು ಮತ್ತೆ ಮಗ್ಗಕ್ಕೆ ಹೋದ.

ಮುಂದಿನ ರಜೆಗೆ ಅಕ್ಕನನ್ನೂ ಕರೆದುಕೊಂಡು ಯಳಂದೂರಿಗೆ ಹೋದೆ. ಯಳಂದೂರು ಮೈಸೂರು ಸೀಮೆ. ನಡುವೆ ಗಡಿ, ಗಡಿಯಲ್ಲಿ ಚೌಕಿ. ಈ ಕಡೆಯ ಬಟ್ಟೆ ಆ ಕಡೆಗೆ, ಆ ಕಡೆಯದು ಈ ಕಡೆಗೆ ಸಾಗಿಸುವಂತಿಲ್ಲ ಎಂದು ಕಟ್ಟುಪಾಡು. ಹೋಗುವಾಗ ನನಗೆ ಅದರ ನೆನಪೇ ಬರಲಿಲ್ಲ, ಏಕೆಂದರೆ ರೇಷ್ಮೆಗಳನ್ನು ನಾವೇ ಒಂದೊಂದು ಉಟ್ಟಿದ್ದೆವು. ಅಕ್ಕ ಜೀವನದಲ್ಲಿ ಮೊದಲ ಸಲ ರೇಷ್ಮೆ ಉಟ್ಟಿದ್ದಳು. ನೇರಳೆ ಅವಳಿಗೆ ಬಹಳ ಚೆನ್ನಾಗಿ ಕಾಣುತ್ತಿತ್ತು. ದಾರಿಯುದ್ದಕ್ಕೂ ಕಿಟಕಿಗೆ ಒರಗದೆ, ಮಸಿ ತಾಗೀತೆಂದು ನೆಟ್ಟಗೆ ಕೂತಿದ್ದಳು.

ಅತ್ತೆ ನಮ್ಮನ್ನು ನೋಡಿ ಖುಷಿಪಟ್ಟಳು. ತಪ್ಪು ತೋರಿಸಿದರೆ, "ಅಣ್ಣ ನೇಯ್ದಿರಾದು, ತಪ್ಪು ಗಿಪ್ಪು ಏನ್ ಬಂತು, ಸುಮ್ಕಿರಮ್ಮಿ," ಎಂದು ಬಾಯಿ ಮುಚ್ಚಿಸಿದಳು. ಊಟ ಹಾಕಿ, ಮಧ್ಯಾಹ್ನ ನಡುಮನೆಯಲ್ಲಿ ಚಾಪೆ ಹಾಸಿ, ಮನೆಯಲ್ಲಿ ಎತ್ತಿಟ್ಟಿದ್ದ ನೂಲಿನ ಸೀರೆಗಳನ್ನೆಲ್ಲ ತಂದು ಸುರಿದಳು. ಗಿಳಿಹಸಿರು, ಕುಂಕುಮದ ಕೆಂಪು, ಅರಿಶಿನ. ನನ್ನ ಕೈ ತಾನಾಗಿ ಅರಿಶಿನದ ಕಡೆ ಹೋಯಿತು. ಅಕ್ಕ ಮೆಲ್ಲಗೆ ತಲೆ ಅಲ್ಲಾಡಿಸಿದಳು.

ಅವಳು ಆರಿಸಿದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೀರೆಯ ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಎಷ್ಟು ಸುಕ್ಕಾಗುತ್ತದೆ ನೋಡಿದಳು. ಬಾಗಿಲ ಬೆಳಕಿಗೆ ಹಿಡಿದು ನೇಯ್ಗೆ ನೋಡಿದಳು. ಚೊಂಬಿನ ನೀರಿನಲ್ಲಿ ಬೆರಳು ಅದ್ದಿ ಅಂಚನ್ನು ಒದ್ದೆ ಮಾಡಿ, ತನ್ನ ಬಿಳಿ ಕರವಸ್ತ್ರಕ್ಕೆ ಉಜ್ಜಿ, ಬಣ್ಣ ಬಿಡುತ್ತದೆಯೋ ಎಂದು ನೋಡಿದಳು. ಕೊನೆಗೆ ಪಕ್ಕಕ್ಕೆ ತೆಗೆದದ್ದು ನಾಲ್ಕು: ಹುಣಸೆ ಬೀಜದ ಬಣ್ಣದ್ದು ಒಂದು, ಕಡುನೀಲಿ ಚೌಕಳಿ ಒಂದು, ಬೂದಿಬಣ್ಣಕ್ಕೆ ಹಸಿರು ಅಂಚಿನದು ಒಂದು, ಇನ್ನೊಂದು ಇಟ್ಟಿಗೆ ಕೆಂಪು. ಅವುಗಳಲ್ಲಿ ನನಗೆ ಇಷ್ಟವಾದದ್ದು ಇಟ್ಟಿಗೆ ಕೆಂಪು ಒಂದೇ.

ಅತ್ತೆಗೆ ಸಂಕಟವಾಯಿತು. "ಮದ್ವೆ ಆಗ್ಬೇಕಾದ ಎಣ್ಣು, ಇಂಥ ಮಂಕು ಬಣ್ಣ ಉಟ್ಕಂಡು ತಿರುಗ್ತೀಯಾ? ಅರಿಶ್ಣದ್ದು ತಕ್ಕಮ್ಮಿ, ಬೇಕಾದ್ರೆ ಐದ್ನೇದ್ದು ಅನ್ಕ," ಎಂದಳು.

ನಾನು ಅಕ್ಕನ ಮುಖ ನೋಡಿದೆ. ಅವಳು, "ನಿನ್ ಇಷ್ಟ ತಂಗಚ್ಚಿ," ಎಂದಳು. ಅರಿಶಿನದ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸವರಿ, ಅತ್ತೆಯ ಕೈಗೇ ವಾಪಸು ಕೊಟ್ಟೆ. "ಮದ್ವೆ ಎಣ್ಣಿಗೆ ಇರ್ಲಿ ಅತ್ತೆ," ಎಂದೆ.

ಹೊರಡುವ ಹೊತ್ತಿಗೆ ಅತ್ತೆಗೆ ಚೌಕಿಯ ನೆನಪಾಯಿತು. "ಗಂಟು ಕಟ್ಕಂಡು ಓದ್ರೆ ಕಿತ್ಕತಾರೆ. ಉಟ್ಕಂಡೋಗಿ," ಎಂದಳು. ಹಾಗೇ ಮಾಡಿದೆವು. ಒಂದರ ಮೇಲೆ ಒಂದರಂತೆ ಇಬ್ಬರಿಗೂ ಎರಡೆರಡು. ಎಂಟು ಗಜದ ಸೀರೆಗಳು. ಎರಡರ ನೆರಿಗೆಯೂ ಹೊಟ್ಟೆಯ ಮೇಲೆ ಕೂತರೆ ಹೇಗಿರಬೇಡ! ನಾನೇನೋ ಸ್ವಲ್ಪ ಮೈ ಬಂದವಳ ಹಾಗೆ ಕಂಡೆ. ಅಕ್ಕ ಮಾತ್ರ ಬಾಗಿಲಿಗೆ ಉಜ್ಜಿಕೊಂಡೇ ಹಾಯಬೇಕಾಯಿತು. ಅತ್ತೆಯ ಮಗಳು ನಕ್ಕು ನಕ್ಕು ಕಂಬ ಹಿಡಿದುಕೊಂಡಳು.

ಗಡಿಯಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿಯಬೇಕು, ಗಂಟುಮೂಟೆ ಬಿಚ್ಚಿ ತೋರಿಸಬೇಕು. ಚೌಕಿಯಲ್ಲಿ ಒಬ್ಬನೇ ಪೇದೆ, ವಯಸ್ಸು ಹೆಚ್ಚೇನಿಲ್ಲ. ನಾನು ಮೊದಲು ಇಳಿದೆ. ಅಕ್ಕ ಬಾಗಿಲ ಕಂಬಿ ಹಿಡಿದು, ಕಾಲು ಎಲ್ಲಿಡುವುದೆಂದು ಕಾಣದೆ, ಬೆವರುತ್ತಾ ಮೆಟ್ಟಿಲ ಮೇಲೆ ನಿಂತಳು. ಪೇದೆ ನೋಡಿದವನೇ ಓಡಿಬಂದ.

"ಅಯ್ಯೋ, ಇಳೀಬ್ಯಾಡಿ ತಾಯಿ, ಇಳೀಬ್ಯಾಡಿ! ಅಲ್ಲೇ ಕೂತ್ಕಳಿ. ಎಷ್ಟು ತಿಂಗ್ಳವ್ವ?"

ಅಕ್ಕನ ಮುಖ ಕೆಂಪಾಯಿತು. ಅವಳು ಸುಳ್ಳು ಹೇಳಲಾರಳು. ಚಿಕ್ಕ ಸುಳ್ಳಿಗೂ ಪಾದ್ರಿಗಳ ಮುಂದೆ ಮೊಣಕಾಲೂರಿ ಹೇಳಿಕೊಂಡು ಬರುವವಳು. ನಿಜ ಹೇಳುವಂತಿಲ್ಲ.

"ಬಿಸ್ಲು ಸಾ. ಅವ್ರಿಗೆ ತಲೆ ಸುತ್ತಾ ಅದೆ," ಎಂದೆ ನಾನು.

ಪೇದೆ ಚೌಕಿಯೊಳಗೆ ಹೋಗಿ ಮಡಕೆಯಿಂದ ನೀರು ತಂದು ಕೊಟ್ಟ. ಅಕ್ಕ ಕುಡಿದಳು. ನಮ್ಮ ಗಂಟು ಬಿಚ್ಚಿದ. ಒಳಗೆ ಎರಡು ಹಳೆಯ ಟವೆಲು, ಅತ್ತೆ ಕೊಟ್ಟ ಚಕ್ಕುಲಿ. ಮತ್ತೆ ಕಟ್ಟಿಕೊಟ್ಟ. ಬಸ್ಸು ಹೊರಡುವವರೆಗೂ ಅಲ್ಲೇ ಕಿಟಕಿಯ ಹತ್ತಿರ ನಿಂತಿದ್ದ. "ನಮ್ಮನೇವ್ಳಿಗೂ ಈಗ ತಿಂಗ್ಳು ತುಂಬ್ತಾ ಅದೆ. ರಜ ಕೇಳಿವ್ನಿ, ಕೊಟ್ಟಿಲ್ಲ. ಎಂಗವಳೋ ಏನೋ," ಎಂದ.

ಅಕ್ಕ ಆಗ ಮಾತಾಡಿದಳು. "ಚೆನ್ನಾಗಿರ್ತಾರೆ. ನಾನು ಅವ್ರಿಗೋಸ್ಕರ ಪ್ರಾರ್ಥನೆ ಮಾಡ್ತೀನಿ," ಎಂದಳು.

ಬಸ್ಸು ದೂರ ಬಂದ ಮೇಲೆ ನನಗೆ ನಗು ಉಕ್ಕಿಬಂತು. ಅಕ್ಕ ನಗಲಿಲ್ಲ. ಅವಳ ಕಣ್ಣು ಒದ್ದೆಯಾಗಿತ್ತು. "ಪಾಪ ಒಳ್ಳೇವ್ನು. ಅವ್ನಿಗೆ ಮೋಸ ಮಾಡಿದ್ವಿ," ಎಂದಳು. ಹೇಳಿದ ಹಾಗೆಯೇ ಪ್ರಾರ್ಥನೆ ಮಾಡಿದಳು. ಆ ತಿಂಗಳೆಲ್ಲ ಸಂಜೆಯ ಪ್ರಾರ್ಥನೆಯ ಕೊನೆಗೆ ಹೆಸರು ಗೊತ್ತಿಲ್ಲದ ಆ ಹೆಂಗಸಿನ ಸುಖಪ್ರಸವಕ್ಕೆ ಎಂದು ತಮಿಳಿನಲ್ಲಿ ಒಂದು ಮಾತು ಸೇರಿಸುತ್ತಿದ್ದಳು. ಆ ಮಗು ಹೆಣ್ಣೋ ಗಂಡೋ ನಮಗೆ ತಿಳಿಯಲೇ ಇಲ್ಲ.

ಇನ್ನು ರವಿಕೆಯ ಪ್ರಶ್ನೆ. ಸೀರೆಯ ಹಾಗೆ ಅದು ಇಬ್ಬರಿಗೂ ಆಗುವುದಿಲ್ಲ. ಹೊಸ ಬಟ್ಟೆ ಎಲ್ಲಿ ಬರಬೇಕು? ಆ ಊರಿನ ಹೆಂಗಸರು ಮುಂದೆ ಗಂಟು ಹಾಕುವ ಕುಪ್ಪಸ ತೊಡುತ್ತಿದ್ದರು. ಅದಾದರೆ ಯಾರ ಮೈಗೂ ಆದೀತು. ಆದರೆ ಟೀಚರುಗಳು ಗುಂಡಿಯ ರವಿಕೆ ತೊಡಬೇಕು ಎಂದು ನಮ್ಮ ತಲೆಯಲ್ಲಿ ಕೂತಿತ್ತು. ಪೇಟೆಯ ಟೈಲರ್ ಮೊದಲು ನಕ್ಕು, ಆಮೇಲೆ ಯೋಚಿಸಿ, ನನ್ನ ಹಳೆಯ ಸೀರೆಯೊಂದನ್ನೇ ಎರಡು ಪದರ ಮಾಡಿ, ಅಕ್ಕನ ಅಳತೆಗೇ ಹೊಲಿದು ಗುಂಡಿಗಳನ್ನು ಎರಡು ಸಾಲು ಇಟ್ಟುಕೊಟ್ಟ. ಹೊರಗಿನ ಸಾಲಿಗೆ ಹಾಕಿದರೆ ಅವಳಿಗೆ, ಒಳಗಿನ ಸಾಲಿಗೆ ಎಳೆದು ಹಾಕಿದರೆ ನನಗೆ. ತೋಳು ನನಗೆ ಸಡಿಲವಾಗಿ ನೇತಾಡುತ್ತಿತ್ತು. ಆದರೂ ಸೆರಗು ಹೊದ್ದರೆ ಮುಗಿಯಿತು.

ಹುಣಸೆ ಬೀಜದ ಬಣ್ಣದ ಸೀರೆ ಉಟ್ಟು ಮೊದಲ ದಿನ ಶಾಲೆಗೆ ಹೋದಾಗ ನಾನು ನೇರವಾಗಿ ಮಕ್ಕಳ ನಡುವೆ ಹೋಗಿ ನೆಲದ ಮೇಲೆ ಕೂತೆ. ಮಕ್ಕಳು ಸ್ವಲ್ಪ ಹೊತ್ತು ದಿಟ್ಟಿಸಿದವು. ಒಂದು ವಾರದಲ್ಲಿ ನನ್ನ ಬೆನ್ನಿಗೆ ಒರಗಿಕೊಂಡು ಮಗ್ಗಿ ಹೇಳುತ್ತಿದ್ದವು, ನನ್ನ ಸೆರಗಿನಲ್ಲೇ ಸ್ಲೇಟು ಒರೆಸುತ್ತಿದ್ದವು. ಗೌಡಜ್ಜಿ ನೀಲಿ ಚೌಕಳಿ ಉಟ್ಟ ಅಕ್ಕನನ್ನು ಹಿತ್ತಲಲ್ಲಿ ನೋಡಿ, "ಇದೇ ಚೆಂದಾಗದೆ ಕಣವ್ವ," ಎಂದಳು. ಅವತ್ತು ತಿರುಗಿ ಒಳಗೆ ಹೋಗಲಿಲ್ಲ. ಅಕ್ಕ ನೀರು ಸೇದಿ ಸುರಿಯುತ್ತಲೇ ಇದ್ದಳು, ಕೊಡ ತುಂಬಿದ್ದು ಗಮನಕ್ಕೆ ಬಾರದೆ ನೀರು ಚೆಲ್ಲುತ್ತಿತ್ತು.

ಹಾಗೆ ಒಂದು ವರ್ಷ ನಡೆಯಿತು. ಬೆಳಗ್ಗೆ ದಾರದ ಮೇಲೆ ಯಾವುದು ಒಣಗಿದೆಯೋ ಅದು, ಯಾರು ಮೊದಲು ಎದ್ದರೋ ಅವರದು. ಇಟ್ಟಿಗೆ ಕೆಂಪಿಗೆ ಮಾತ್ರ ನಾನು ಬೇಗ ಏಳುತ್ತಿದ್ದೆ. ಅಕ್ಕನಿಗೆ ಅದು ಗೊತ್ತಿತ್ತು. ಅದು ಒಣಗಿದ ದಿನ ಬೇಕೆಂದೇ ಹೊದ್ದು ಮಲಗಿರುತ್ತಿದ್ದಳು.

ಎರಡನೆಯ ವರ್ಷದ ಮಳೆಗಾಲದಲ್ಲಿ ನನ್ನ ಕ್ಲಾಸಿಗೆ ಅಕ್ಕತಂಗಿಯರಿಬ್ಬರು ಸೇರಿದರು. ಅಪ್ಪ ಇಲ್ಲದ ಮಕ್ಕಳು, ತಾಯಿ ಕೂಲಿಗೆ ಹೋಗುತ್ತಿದ್ದಳು. ಜಾಣೆಯರು. ಆದರೆ ಒಂದು ದಿನ ದೊಡ್ಡವಳು ಬಂದರೆ ಚಿಕ್ಕವಳು ಬರುತ್ತಿರಲಿಲ್ಲ. ಮಾರನೆಯ ದಿನ ಚಿಕ್ಕವಳು ಬಂದರೆ ದೊಡ್ಡವಳಿಲ್ಲ. ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಮನೆಯಲ್ಲಿ ಯಾವುದೋ ಕೆಲಸ ಇರಬೇಕು, ಸರದಿಯ ಮೇಲೆ ಬಿಡಿಸುತ್ತಾರೆ ಎಂದುಕೊಂಡು ಒಂದು ದಿನ ಚಿಕ್ಕವಳನ್ನು ಗದರಿಸಿಯೂ ಬಿಟ್ಟೆ. ಸಂಜೆ ಅಕ್ಕನಿಗೆ ಹೇಳಿದಾಗ ಅವಳು ಕೇಳಿದಳು, "ಇಬ್ರೂ ಉಡೋ ಲಂಗ ಯಾವ ಬಣ್ಣ?"

ನಾನು ಯೋಚಿಸಿದೆ. ಇಬ್ಬರದೂ ಅದೇ ಮಾಸಿದ ಹಸಿರು, ಅದೇ ಮೊಣಕಾಲಿನ ತೇಪೆ.

ಮಾರನೆಯ ದಿನ ಶಾಲೆ ಮುಗಿಸಿ ಇಬ್ಬರೂ ಅವರ ಗುಡಿಸಿಲಿಗೆ ಹೋದೆವು. ತಾಯಿ ಹೊರಗೆ ಬಂದಳು. ಒಳಗೆ ಕತ್ತಲಲ್ಲಿ ಚಿಕ್ಕವಳು ಗೋಣಿಚೀಲ ಸುತ್ತಿಕೊಂಡು ಕೂತಿದ್ದಳು. ನಮ್ಮನ್ನು ಕಂಡು ಮೂಲೆಗೆ ಸರಿದಳು. ತಾಯಿ, "ಕಾರ್ಡಿಗೆ ಬಟ್ಟೆ ಬಂದಿಲ್ಲ ಕಣ್ರವ್ವ. ಬಂದೇಟ್ಗೆ ಇಬ್ರುನೂ ಒಟ್ಗೆ ಕಳಿಸ್ತೀನಿ, ಎಸ್ರು ಒಡೀಬ್ಯಾಡಿ," ಎಂದಳು. ಹೆಸರು ಹೊಡೆಯಬೇಡಿ ಎಂದು ಕೇಳಿಕೊಳ್ಳುವಾಗ ಬಾಗಿಲಿಗೆ ಅಡ್ಡ ನಿಂತು ಮಗಳನ್ನು ಮರೆಮಾಡಿದಳು.

ಕೋಣೆಗೆ ಬಂದ ಮೇಲೆ ಅಕ್ಕ ದಾರದ ಮೇಲಿನ ಸೀರೆಗಳನ್ನು ನೋಡುತ್ತಾ ನಿಂತಳು. "ಮೂರ್ರಲ್ಲಿ ಆಗ್ತದಾ ನಮಗೆ?" ಎಂದಳು.

"ಆಗ್ತದೆ," ಎಂದೆ.

"ಯಾವ್ದು?"

ಬೂದಿಬಣ್ಣದ್ದು ಆಗಲೇ ಸವೆದಿತ್ತು, ಅದನ್ನು ಹರಿದರೆ ಮಕ್ಕಳ ಮೈಮೇಲೆ ಎರಡು ತಿಂಗಳೂ ಬಾಳುವುದಿಲ್ಲ. ನೀಲಿಗೆ ಬೆನ್ನಿನ ಕಡೆ ತೇಪೆ ಬಿದ್ದಿತ್ತು. ಹುಣಸೆ ಬೀಜದ್ದನ್ನು ಅಕ್ಕ ಉಟ್ಟಿದ್ದಳು. ಅದರ ಸೆರಗು ಇಲಿ ಕಡಿದು ಮೊಟಕಾಗಿತ್ತು. ಅಕ್ಕನ ಬಿಳಿ ಸೀರೆಗಳೂ ಅಷ್ಟರಲ್ಲಿ ಜೀರ್ಣವಾಗಿದ್ದವು. ಗಟ್ಟಿಯಾಗಿದ್ದದ್ದು ಇಟ್ಟಿಗೆ ಕೆಂಪು ಒಂದೇ. ಅಕ್ಕ ನನ್ನ ಮುಖ ನೋಡಲಿಲ್ಲ. ಬೇರೆ ಯಾವುದಾದರೂ ಆದೀತೇನೋ ಎಂದು ಬೂದಿಬಣ್ಣವನ್ನೇ ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದಳು. ನನ್ನನ್ನು ಉಳಿಸಲು ಹಾಗೆ ಮಾಡುತ್ತಿದ್ದಾಳೆಂದು ನನಗೆ ತಿಳಿಯಿತು. ದಾರದಿಂದ ಇಟ್ಟಿಗೆ ಕೆಂಪನ್ನು ಎಳೆದು, ಮಡಿಸಿ, ಚೀಲಕ್ಕೆ ಹಾಕಿದೆ. ಮನಸ್ಸು ಬದಲಾಗುವ ಮೊದಲೇ ಟೈಲರ್ ಅಂಗಡಿಗೆ ಕೊಟ್ಟುಬರೋಣ ಎಂದೆ. ಆಗ ಮಳೆ ಹನಿಯುತ್ತಿತ್ತು. ಅಕ್ಕ ಕೊಡೆ ಹಿಡಿದು ಜೊತೆಗೆ ಬಂದಳು.

ಎಂಟು ಗಜದಲ್ಲಿ ಇಬ್ಬರಿಗೂ ಎರಡೆರಡು ಲಂಗ, ಒಂದೊಂದು ಕುಪ್ಪಸ ಆದವು. ಬೆಳೆಯುವ ಮಕ್ಕಳೆಂದು ಟೈಲರ್ ಒಳಗೆ ಮಡಿಕೆ ಬಿಟ್ಟು ಹೊಲಿದ. ಉಳಿದ ಚೂರುಗಳನ್ನು ಸೇರಿಸಿ ಅಕ್ಕ ತನ್ನ ಕೈಯಾರೆ ನಮಗೂ ಒಂದು ರವಿಕೆ ಹೊಲಿದಳು. ಟೀಚರ್ ಉಟ್ಟದ್ದನ್ನೇ ಕೊಟ್ಟರು ಎಂದು ಕ್ಲಾಸಿನಲ್ಲಿ ಯಾರೂ ಆಡಿಕೊಳ್ಳದ ಹಾಗೆ, ಟೀಚರೂ ಅದೇ ಬಟ್ಟೆ ತೊಟ್ಟಿರಲಿ ಎಂದು. ಮಕ್ಕಳ ತಾಯಿ ಮೊದಲು ತೆಗೆದುಕೊಳ್ಳಲು ಒಪ್ಪಲಿಲ್ಲ. "ನೀವು ಉಡಾದ ಕುಯ್ದ್ಬುಟ್ರಾ? ಯಾಕ್ರವ್ವ ಇಂಗ್ ಮಾಡುದ್ರಿ?" ಎಂದು ಲಂಗಗಳನ್ನು ಎದೆಗೆ ಒತ್ತಿಕೊಂಡು ನಿಂತಳು. ಸಂಜೆ ಒಂದು ಮೊರ ಅಲಸಂದೆಕಾಯಿ ತಂದು ನಮ್ಮ ಬಾಗಿಲಲ್ಲಿ ಸುರಿದು, ನಾವು ಏನಾದರೂ ಹೇಳುವ ಮೊದಲೇ ಹೊರಟುಹೋದಳು.

ಮಾರನೆಯ ದಿನದಿಂದ ಇಬ್ಬರೂ ಒಟ್ಟಿಗೆ ಬಂದರು, ಕೈ ಹಿಡಿದುಕೊಂಡು. ದೊಡ್ಡವಳು ಐದನೆಯ ಕ್ಲಾಸಿನವರೆಗೆ ಓದಿ ಮದುವೆಯಾಗಿ ಹೋದಳು. ಚಿಕ್ಕವಳು ಇನ್ನೂ ಮುಂದೆ ಓದಿದಳು ಎಂದು ಕೇಳಿದೆ.

ನಮಗೆ ಮೂರು ಸೀರೆಯಲ್ಲಿ ಆ ಮಳೆಗಾಲ ಕಳೆಯುವುದು ಕಷ್ಟವಾಯಿತು. ಒದ್ದೆ ಸೀರೆಯ ತುದಿಗಳನ್ನು ಇಬ್ಬರೂ ಹಿಡಿದು ಒಲೆಯ ಮೇಲೆ ಆಡಿಸಿ ಒಣಗಿಸುತ್ತಿದ್ದೆವು. ಹೊಗೆ ವಾಸನೆ ಮೈಗೆ ಅಂಟಿಕೊಂಡಿತ್ತು. ಶಾಲೆಯಲ್ಲಿ ಯಾರಿಗೂ ಅದು ವಿಶೇಷವಾಗಿ ಕಾಣಲಿಲ್ಲ, ಎಲ್ಲರ ಮೈಯಲ್ಲೂ ಅದೇ ವಾಸನೆ ಇತ್ತು.

ಬಟ್ಟೆಯ ಕಂಟ್ರೋಲು ಸಡಿಲವಾಗುವ ಹೊತ್ತಿಗೆ ಅಕ್ಕ ತನ್ನ ಊರಿಗೆ ವರ್ಗ ಮಾಡಿಸಿಕೊಂಡಳು. ಅವಳ ತಾಯಿಗೆ ಕಣ್ಣು ಕಾಣದಾಗಿತ್ತು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅವಳು ಹೋದ ಮೇಲೆ ಆ ಕೋಣೆಯಲ್ಲಿ ಒಬ್ಬಳೇ ಇದ್ದು ರೂಢಿಯಾಗಲು ನನಗೆ ಬಹಳ ದಿನ ಹಿಡಿಯಿತು. ಬೆಳಗ್ಗೆ ಎದ್ದು ದಾರದ ಮೇಲೆ ಯಾವ ಸೀರೆ ಇದೆಯೆಂದು ನೋಡುವ ಅಭ್ಯಾಸ ಹೋಗಲಿಲ್ಲ. ಅವಳು ಬಿಟ್ಟುಹೋದ ಮೂರೂ ಈಗ ನನ್ನವೇ ಆಗಿದ್ದವು, ಅವಸರವೇ ಇರಲಿಲ್ಲ.

ಆ ವರ್ಷದ ಕ್ರಿಸ್‌ಮಸ್ಸಿಗೆ ಕರೆದಳು. ಮಾರ್ಟಳ್ಳಿಗೆ ಹೋದೆ. ಮಣ್ಣಿನ ಜಗಲಿಯ ಮೇಲೆ ಅವಳ ತಾಯಿ ಕೂತಿದ್ದಳು. ಅಕ್ಕ ನಾನು ಬಂದೆನೆಂದು ಹೇಳಿದ ಕೂಡಲೇ ಆ ಮುದುಕಿ ಕೈ ಚಾಚಿ ನನ್ನನ್ನು ಹತ್ತಿರ ಎಳೆದುಕೊಂಡಳು. ಮುಖ ಸವರಿದಳು, ಭುಜ ಸವರಿದಳು, ತೋಳು ಹಿಡಿದು ನೋಡಿ ತಮಿಳಿನಲ್ಲಿ ಏನೋ ಹೇಳಿದಳು.

"ಏನಂತಾರಕ್ಕ?" ಎಂದೆ.

"ಇಷ್ಟು ಸಣ್ಣ ಉಡುಗೀನಾ, ಸರ್ಯಾಗಿ ಊಟ ಹಾಕ್ಲಿಲ್ವಾ ನೀನು ಅಂತ ನನ್ನ ಬೈತಾ ಅವ್ರೆ," ಎಂದು ಅಕ್ಕ ನಕ್ಕಳು. ಆಮೇಲೆ ಒಳಗೆ ಹೋಗಿ ಎಲೆ ಹಾಕಿದಳು. ಮುದುಕಿ ನನ್ನ ಪಕ್ಕದಲ್ಲೇ ಕೂತು, ಎಲೆಯ ಮೇಲೆ ಏನು ಉಳಿದಿದೆ ಎಂದು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಾ, ನಾನು ಸಾಕು ಎಂದಾಗಲೆಲ್ಲ ಇನ್ನಷ್ಟು ಬಡಿಸಲು ಮಗಳಿಗೆ ಹೇಳುತ್ತಿದ್ದಳು.